ದೋಣಿ ಹತ್ತಿದ ಅಜ್ಜಿ

ಬಂಗಾಳದ ಬಾರಾನಗರದ ನಮ್ಮ ಮನೆಯ ಕಿಟಕಿಗೆ ಹಸಿರು ಬಣ್ಣದ ಮರದ ಪಟ್ಟಿಗಳ ಬಾಗಿಲು. ಭಾನುವಾರ ಮಧ್ಯಾಹ್ನ ಅದನ್ನು ಅರ್ಧ ಮುಚ್ಚಿದರೆ ಹಾಸಿಗೆಯ ಮೇಲೆ ಬಿಸಿಲು ಗೆರೆಗೆರೆಯಾಗಿ ಬೀಳುತ್ತಿತ್ತು. ಆ ಗೆರೆಗಳ ನಡುವೆ ಮಗಳು ಪುಸ್ತಕ ಹರಡಿಕೊಂಡು ಕುಳಿತರೆ, ಯಾವುದು ಚಿತ್ರದ ನದಿ, ಯಾವುದು ಕಿಟಕಿಯ ಬೆಳಕು ಎಂದು ಅರೆನಿದ್ದೆಯಲ್ಲಿದ್ದ ನನಗೆ ತಿಳಿಯುತ್ತಿರಲಿಲ್ಲ. ದೂರದ ಗಂಗೆಯಲ್ಲಿ ಲಾಂಚು ಕೂಗಿದರೆ ಅದೂ ಪುಟದೊಳಗಿಂದಲೇ ಕೇಳಿದ ಹಾಗಾಗುತ್ತಿತ್ತು. ಫ್ಯಾನು ತಿರುಗುತ್ತಿತ್ತು, ಪುಟಗಳು ತಾವಾಗಿಯೇ ಮಗುಚುತ್ತಿದ್ದವು, ನಾವಿಬ್ಬರೂ ಎಲ್ಲೋ ತೇಲುತ್ತಿದ್ದೆವು.

ಆಗ ಅವಳಿಗೆ ಎರಡೂವರೆ ವರ್ಷ. ಪುಸ್ತಕ ಸಿಯಾಲ್ದಾ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಕೊಂಡದ್ದು. ಬ್ಯಾಂಕಿನಿಂದ ಬರುತ್ತಿದ್ದೆ, ರೈಲಿಗೆ ಇನ್ನೂ ಹತ್ತು ನಿಮಿಷವಿತ್ತು, ಮುಖಪುಟದ ಬೆಕ್ಕು ನನ್ನನ್ನೇ ನೋಡುತ್ತಿತ್ತು. ಒಳಗಿನ ಬಂಗಾಳಿ ಅಕ್ಷರಗಳಲ್ಲಿ ಒಂದನ್ನೂ ಓದಲು ಬಾರದು ಎಂಬುದು ಮನೆ ಮುಟ್ಟಿದ ಮೇಲೆ ನೆನಪಾಯಿತು. ದಿನವಿಡೀ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕುವವಳು ನಾನು!

ಓದಲು ಬಾರದಿದ್ದರೇನು, ಚಿತ್ರಗಳಿದ್ದವಲ್ಲ. ಒಬ್ಬ ಮುದುಕಿ, ಒಂದು ದೋಣಿ, ಒಂದು ಬೆಕ್ಕು. ಆ ಮುದುಕಿಯನ್ನು ನಮ್ಮ ಕರಾವಳಿಯ ಅಜ್ಜಿಯಾಗಿ ಮಾಡಿಬಿಟ್ಟೆ. ಅಜ್ಜಿ ದೋಣಿ ಹತ್ತಿ ಸಂತೆಗೆ ಹೋಗುತ್ತಾಳೆ, ಬೆಕ್ಕು ದಡದಲ್ಲಿ ಕಾಯುತ್ತದೆ, ಅಜ್ಜಿ ಬಂಗುಡೆ ತರುತ್ತಾಳೆ. ಗಂಗೆಯ ದಡದಲ್ಲಿ ಕಡಲ ಮೀನು ಬಂಗುಡೆ ಎಲ್ಲಿಂದ ಬಂತು ಎಂದು ಗಂಡ ನಕ್ಕರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಟಕ್ಕೊಂದು ತುತ್ತು ಎಂಬುದು ನಮ್ಮ ಕ್ರಮ. ಬೆಕ್ಕು ಕಾಯುವ ಪುಟಕ್ಕೆ ಬರುವಷ್ಟರಲ್ಲಿ ಬಟ್ಟಲಿನ ಅನ್ನ ಅರ್ಧ ಮುಗಿದಿರುತ್ತಿತ್ತು. ಆ ಪುಟದ ಮೂಲೆಯಲ್ಲಿ ಅರಸಿನದ ಹೆಬ್ಬೆರಳ ಗುರುತು ಇನ್ನೂ ಇದೆ.

ಕಷ್ಟ ಬೇರೆಯೇ ಇತ್ತು. ಮಗಳು ಕನ್ನಡದಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಮಾತ್ರ ಬಂಗಾಳಿ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಬಂಗಾಳಿ ಅದು. ಇಲ್ಲಿಯವರು ಚಿಕ್ಕಮ್ಮನನ್ನು ಕರೆಯುವಂತೆ ಅವರನ್ನು ನಾವೂ ಮಾಶಿ ಎಂದೇ ಕರೆಯುತ್ತಿದ್ದೆವು. ನಾನು ಕತೆ ಮುಗಿಸಿದೊಡನೆ ಮಗಳು ಪುಸ್ತಕ ಕಿತ್ತುಕೊಂಡು, ಸಾಲುಗಳ ಕೆಳಗೆ ಬೆರಳಾಡಿಸುತ್ತ, ಬಂಗಾಳಿಯಲ್ಲಿ ಬೇರೆಯೇ ಕತೆ ಹೇಳುತ್ತಿದ್ದಳು. ಅದರಲ್ಲಿ ಮುದುಕಿ ಮಗಳ ಮನೆಗೆ ಹೋಗುತ್ತಿದ್ದಳು, ಬೆಕ್ಕು ಹಾಲು ಕದಿಯುತ್ತಿತ್ತು. ಮಾಶಿ ಅಚ್ಚಾದದ್ದನ್ನು ಓದುತ್ತಾರೆ, ನನ್ನದು ಬರೀ ಕಟ್ಟುಕತೆ ಎಂದು ಮಗುವಿಗೂ ಗೊತ್ತಾಗಿದೆ ಅನ್ನಿಸುತ್ತಿತ್ತು. ಹೊಟ್ಟೆಕಿಚ್ಚು, ಇನ್ನೇನು. ಅವಳು ನನ್ನನ್ನು ಅಮ್ಮ ಎಂದೂ ಕರೆಯುತ್ತಿರಲಿಲ್ಲ, ಮಾ ಎನ್ನುತ್ತಿದ್ದಳು. ಹೀಗೆಯೇ, ನನ್ನ ಭಾಷೆಯಲ್ಲಿ ಒಮ್ಮೆಯೂ ನನ್ನನ್ನು ಕರೆಯದೆ ದೊಡ್ಡವಳಾಗಿಬಿಡುತ್ತಾಳೆ ಎಂದು ನನಗೆ ಭಯವಾಗಿತ್ತು.

“ಸುಮ್ಮನೆ ಎಂತಕ್ಕೆ ತಲೆಬಿಸಿ ಮಾಡಿಕೊಳ್ತಿ ಮಾರಾಯ್ತಿ, ಮಾತು ಬರ್ತದೆ,” ಎಂದರು ಗಂಡ.

“ಬರ್ತದೆ. ಯಾವ ಭಾಷೆಯಲ್ಲಿ ಬರ್ತದೆ ಹೇಳಿ ನೋಡುವ,” ಎಂದು ರೇಗಿದೆ.

ಒಂದು ಸಂಜೆ ತಡೆಯಲಾರದೆ ಪುಸ್ತಕವನ್ನು ಮಾಶಿಯ ಮುಂದೆ ಹಿಡಿದೆ. ನಮ್ಮ ಮಾತುಕತೆ ಅರ್ಧ ಹಿಂದಿ, ಅರ್ಧ ಬಂಗಾಳಿ. “ಇದರಲ್ಲಿ ನಿಜವಾಗಿ ಏನು ಬರೆದಿದೆ, ಓದಿ ಹೇಳಿ ಮಾಶಿ.”

ಅವರು ಸೆರಗಿಗೆ ಕೈ ಒರೆಸಿಕೊಂಡರು, ಪುಸ್ತಕ ಮುಟ್ಟಲಿಲ್ಲ. “ನನಗೆಲ್ಲಿ ಓದಲು ಬರುತ್ತದೆ ದಿದಿ? ಚಿತ್ರ ನೋಡಿ ಏನೋ ಒಂದು ಹೇಳುತ್ತೇನೆ. ನೀವು ಓದುತ್ತೀರಿ ಅಂದುಕೊಂಡಿದ್ದೆ.”

ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವರು ಇನ್ನೊಂದು ಮಾತು ಹೇಳಿದರು. “ನಿಮ್ಮ ಮಗಳು ದಿನಾ ನನ್ನನ್ನು ಕೂರಿಸಿಕೊಂಡು ನಿಮ್ಮ ಭಾಷೆಯಲ್ಲಿ ಓದುತ್ತಾಳೆ. ನನಗೆ ಒಂದೂ ತಿಳಿಯುವುದಿಲ್ಲ. ಹ್ಯಾಂ, ಹ್ಯಾಂ ಎಂದು ಹೂಂಗುಟ್ಟುತ್ತಿರುತ್ತೇನೆ. ಅನ್ನದಿದ್ದರೆ ಅವಳಿಗೆ ಸಿಟ್ಟು ಬರುತ್ತದೆ, ನಿಮ್ಮ ಹಾಗೆಯೇ.”

ನಾನು ನಂಬಲಿಲ್ಲ. ಮರುದಿನ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದೆ. ನನ್ನ ಬಳಿಯಿದ್ದ ಕೀಲಿಯಿಂದ ಸದ್ದಾಗದಂತೆ ಬಾಗಿಲು ತೆಗೆದು, ಚಪ್ಪಲಿ ಕೈಯಲ್ಲಿ ಹಿಡಿದು, ಕೋಣೆಯ ಹೊರಗೆ ಕಳ್ಳಿಯಂತೆ ನಿಂತೆ. ಒಳಗೆ ಅದೇ ಗೆರೆಬಿಸಿಲು. ಮಾಶಿ ಗೋಡೆಗೆ ಒರಗಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಮಗಳು ನನ್ನ ಹಾಗೆಯೇ ಕಾಲು ಮಡಚಿ ಕುಳಿತು, ನನ್ನ ಹಾಗೆಯೇ, ತನಗಿಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ದೋಣಿಯ ಚಿತ್ರದ ಮೇಲೆ ಬೆರಳಿಟ್ಟಳು.

“ಅಜ್ಜಿ ಅಲ್ಲ, ಅಮ್ಮ. ಅಮ್ಮ ದೋಣಿಯಲ್ಲಿ ಬ್ಯಾಂಕಿಗೆ ಹೋದ್ಲು.”

“ಹ್ಯಾಂ,” ಎಂದರು ಮಾಶಿ.

ಪುಟ ಮಗುಚಿತು. ಬೆಕ್ಕು ದಡದಲ್ಲಿತ್ತು.

“ಬೆಕ್ಕು ಅಳುದಿಲ್ಲ. ಅಮ್ಮ ಬರ್ತಾಳೆ. ಈಗ ಬರ್ತಾಳೆ.”

“ಹ್ಯಾಂ, ಹ್ಯಾಂ.”

ಓಡಿಹೋಗಿ ಎತ್ತಿಕೊಳ್ಳಬೇಕೆನ್ನಿಸಿತು. ಆದರೆ ಕತೆಯಲ್ಲಿ ಇನ್ನೂ ಎರಡು ಪುಟ ಬಾಕಿ ಇತ್ತು. ಅಮ್ಮನ ದೋಣಿ ದಡಕ್ಕೆ ಬರುವವರೆಗೆ ನಾನು ಬಾಗಿಲಲ್ಲೇ ಕಾದೆ.