ಎರಡು ಪೆಟ್ಟಿನ ಜಪಸರ

ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಆ ಸದ್ದು ಈಗಲೂ ಕೇಳಿಸುತ್ತದೆ. ಜನ ಹತ್ತಿ ಮುಗಿಯುತ್ತಿದ್ದಂತೆ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಬಸ್ಸಿನ ಪಕ್ಕೆಗೆ ಅಂಗೈಯಿಂದ ಎರಡು ಸಲ ಬಡಿಯುತ್ತಾನೆ. ಧಬ್, ಧಬ್. ರೈಟ್, ಹೊರಡು ಎಂದರ್ಥ. ಹೋದ ವಾರ ಹರಿಹರಕ್ಕೆ ಹೋಗಲು ನಿಂತಿದ್ದಾಗ ಆ ಸದ್ದು ನನ್ನ ಬೆನ್ನ ಹಿಂದೆಯೇ ಬಿತ್ತು. ಡೀಸೆಲ್ ಹೊಗೆಯ ಜೊತೆ ಪಕ್ಕದ ಗಾಡಿಯ ಮಿರ್ಚಿಯ ಘಾಟು ಮೂಗಿಗೆ ಬಡಿಯುತ್ತಿತ್ತು. ನನ್ನ ತುಟಿಗಳು ನನ್ನನ್ನು ಕೇಳದೆಯೇ 'ಸಂತ ಮರಿಯೆ' ಎಂದು ಶುರುಮಾಡಿಬಿಟ್ಟವು. ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನನ್ನು ಒಂಥರಾ ನೋಡಿದಳು. ಅವಳಿಗೆ ಏನಂತ ಹೇಳುವುದು? ಬಸ್ಸು ಬಡಿದ ಸದ್ದಿಗೆ ಪ್ರಾರ್ಥನೆ ಬಾಯಿಗೆ ಬರುತ್ತಿದ್ದ ಮನೆಯೊಂದು ನಿಟ್ಟುವಳ್ಳಿಯಲ್ಲಿತ್ತು ಎಂದರೆ ಯಾರು ನಂಬುತ್ತಾರೆ? ನೀವು ನಂಬಬಹುದು. ಈಗ ಇಲ್ಲದ ಮನೆಯೊಂದು ನಿಮಗೂ ಇದ್ದೇ ಇರುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವಿದ್ದದ್ದು ಬಾಡಿಗೆ ಮನೆ. ನೀಲಮ್ಮಜ್ಜಿಯ ಮನೆಯನ್ನೇ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆ ಕಡೆ ಅಜ್ಜಿ, ಈ ಕಡೆ ನಾವು ನಾಲ್ವರು. ಅಪ್ಪ ಚೌರಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ದಾವಣಗೆರೆಯಿಂದ ಹರಿಹರ, ಅಲ್ಲಿಂದ ಕಡರನಾಯಕನಹಳ್ಳಿ, ಮತ್ತೆ ವಾಪಸ್. ಅವ್ವ ಫಿಲೋಮಿನ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ನಾನು ಮತ್ತು ತಂಗಿ ಸೆಲಿನ ಇನ್ನೂ ಶಾಲೆಯಲ್ಲಿದ್ದೆವು. ಸಂಜೆ ಅಪ್ಪ ಒಳಗೆ ಬಂದರೆ ಅವನ ಜೊತೆಗೆ ಧೂಳು, ಬೆವರು, ಚಿಲ್ಲರೆ ನಾಣ್ಯದ ಲೋಹದ ವಾಸನೆ ಎಲ್ಲ ಬರುತ್ತಿದ್ದವು. ಅವನ ದನಿಯನ್ನು ಇಡೀ ನಿಲ್ದಾಣ ಗುರುತಿಸುತ್ತಿತ್ತು. "ಹರಿಹರ, ಹರಿಹರ, ಹರಿಹರಾ... ಬರ್ರಿ, ಸೀಟ್ ಐತೆ ಬರ್ರಿ" ಎಂದು ನಿಲ್ಲಲೂ ಜಾಗವಿಲ್ಲದ ಬಸ್ಸಿಗೆ ಜನರನ್ನು ಕರೆಯುತ್ತಿದ್ದ. ಅವ್ವ ಅದನ್ನೇ ಹಿಡಿದು ಕಾಡುತ್ತಿದ್ದಳು. "ಬಸ್ನಾಗೆ ಸುಳ್ಳು ಹೇಳಿ ಬಂದ ಬಾಯಾಗೇ ಜಪಸರ ಹೇಳ್ತೀರಲ್ರೀ!" ಅಪ್ಪ ನಗುತ್ತಿದ್ದ. "ಕೊನಿಗೆ ಎಲ್ಲಾರ್ನೂ ಕೂಡ್ಸಿದ್ನೋ ಇಲ್ಲೋ, ಅದನ್ನ ಕೇಳು."

ರಾತ್ರಿಯೂಟಕ್ಕೆ ಮುಂಚೆ ಜಪಸರ ನಮ್ಮ ಮನೆಯಲ್ಲಿ ತಪ್ಪುತ್ತಿರಲಿಲ್ಲ. ಮರಿಯ ಮಾತೆಯ ಪಟದ ಕೆಳಗೆ ಒಂದು ಕಬ್ಬಿಣದ ಟ್ರಂಕು, ಅದರ ಮೇಲೆ ಮೇಣದಬತ್ತಿ. ಜಪಸರವೆಂದರೆ ಎರಡು ಪಾಲಾಗಿ ಹಂಚಿಕೊಂಡು ಹೇಳುವ ಪ್ರಾರ್ಥನೆ. ಒಂದೊಂದು ಮಣಿಗೂ ಮೊದಲರ್ಧವನ್ನು ಮನೆಯ ಯಜಮಾನ ಹೇಳಬೇಕು, ಉಳಿದರ್ಧವನ್ನು ಮಿಕ್ಕವರು ಸೇರಿ ಹೇಳಿ ಮುಗಿಸಬೇಕು. ಅಪ್ಪ 'ನಮೋ ಮರಿಯ' ಎಂದು ಊರುಗಳ ಹೆಸರು ಕೂಗುವ ಲಯದಲ್ಲೇ ಮೊದಲರ್ಧ ಎತ್ತುತ್ತಿದ್ದ. ನಾವು ಮೂವರು 'ಸಂತ ಮರಿಯೆ' ಎಂದು ಹಿಂದಿನಿಂದ ಹತ್ತಿಕೊಳ್ಳುತ್ತಿದ್ದೆವು. ಗೋಡೆಯಾಚೆ ನೀಲಮ್ಮಜ್ಜಿ ಅದೇ ಹೊತ್ತಿಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂರುತ್ತಿದ್ದರು. ಯಾವತ್ತಾದರೂ ನಾವು ತಡಮಾಡಿದರೆ ಬಾಗಿಲಿಗೆ ಬಂದು ಕೇಳುತ್ತಿದ್ದರು. "ಯಾಕವ್ವಾ ಪಿಲೋಮಿನಾ, ನಿಮ್ಮ ದನಿ ಕೇಳಿಸ್ಲಿಲ್ಲ? ನನಗೆ ಉಣ್ಣೋ ಹೊತ್ತೇ ಗೊತ್ತಾಗ್ಲಿಲ್ಲ ನೋಡು."

ಮೊದಲು ಅಪ್ಪನ ದನಿ ಒಡೆಯಿತು. ದಿನವಿಡೀ ಕೂಗುವವನಿಗೆ ಇದೆಲ್ಲ ಸಹಜವೆಂದು ಶುಂಠಿ, ಜೇನುತುಪ್ಪ, ಬಿಸಿನೀರಿನಲ್ಲೇ ಒಂದು ಮಳೆಗಾಲ ಕಳೆಯಿತು. ಆಮೇಲೆ ಆಸ್ಪತ್ರೆಗಳು ಶುರುವಾದವು. ದಾವಣಗೆರೆಯದು ಮುಗಿಸಿ ಬೆಂಗಳೂರಿಗೆ ಹೋದರು. ಅಲ್ಲಿ ಗಂಟಲಿನ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಆ ದಿನಗಳನ್ನು ನೆನೆದರೆ ನನಗೆ ಭಯಕ್ಕಿಂತ ಮೊದಲು ನೆನಪಾಗುವುದು ದಣಿವು. ಅವ್ವ ನಿಂತಲ್ಲೇ ನಿದ್ದೆ ಮಾಡುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿ ಆರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಊರಿಂದೂರಿಗೆ ಓಡಾಡಿ ಅವಳ ಕಾಲು ಬಾತುಕೊಂಡಿತ್ತು. ನಡುವೆ ಬಿಡುವಾದ ಶನಿವಾರ ನಮ್ಮನ್ನು ಹರಿಹರದ ಮಾತೆಯ ಗುಡಿಗೆ ಕರೆದೊಯ್ದು ಮೇಣದಬತ್ತಿ ಹಚ್ಚಿಸುತ್ತಿದ್ದಳು. "ಅಪ್ಪಂಗೆ ದನಿ ಕೊಡು ಅಂತ ಕೇಳ್ರಿ" ಎನ್ನುತ್ತಿದ್ದಳು. ನಾವು ಕೇಳುತ್ತಿದ್ದೆವು. ಮನಸಾರೆ ಕೇಳುತ್ತಿದ್ದೆವು. ದನಿ ಮಾತ್ರ ಬರಲಿಲ್ಲ.

ಅಪ್ಪ ಕೊರಳಿಗೆ ಬಿಳಿ ಬಟ್ಟೆ ಇಳಿಬಿಟ್ಟುಕೊಂಡು ಮನೆಗೆ ಬಂದ. ಆ ಬಟ್ಟೆಯ ಹಿಂದೆ ಒಂದು ತೂತಿತ್ತು. ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು. ಮನೆಯಲ್ಲಿ ಡೆಟಾಲ್ ವಾಸನೆ ನಿಂತುಬಿಟ್ಟಿತು. ಅವನಿಗೆ ಮಾತಾಡುವುದಿರಲಿ, ತನ್ನ ಕಂಡಕ್ಟರ್ ಸೀಟಿ ಊದಲೂ ಆಗುತ್ತಿರಲಿಲ್ಲ. ಒಮ್ಮೆ ಅದನ್ನು ಬಾಯಿಗಿಟ್ಟು ನೋಡಿ, ಸುಮ್ಮನೆ ಮೊಳೆಗೆ ನೇತುಹಾಕಿದ. ಅವತ್ತು ಸಂಜೆ ಜಪಸರಕ್ಕೆ ಕುಳಿತೆವು. ಮೊದಲರ್ಧ ಇನ್ನು ತಾನೇ ಹೇಳಬೇಕೆಂದುಕೊಂಡು ಅವ್ವ ಮೆಲ್ಲಗೆ ಶುರುಮಾಡಿದಳು. ಅಪ್ಪ ಅವಳ ಕೈ ಹಿಡಿದು ನಿಲ್ಲಿಸಿದ. ಅದು ತನ್ನ ಪಾಲು ಎಂಬಂತೆ ಎದೆಗೆ ಬೆರಳಿಟ್ಟು ತೋರಿಸಿದ. ಮಣಿ ಹಿಡಿದು ಕಣ್ಣು ಮುಚ್ಚಿದ. ನಾವು ಬಾಯಿ ತೆರೆದುಕೊಂಡು ಕೂತಿದ್ದೆವು. ಮೊದಲರ್ಧ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೌನ. ಆಮೇಲೆ ಟ್ರಂಕಿನ ಪಕ್ಕೆಗೆ ಅಂಗೈಯಿಂದ ಎರಡು ಪೆಟ್ಟು, ಧಬ್, ಧಬ್. ಮೊದಲು ತಿಳಿದದ್ದು ಅವ್ವನಿಗೆ. "ರೈಟ್ ಕೊಟ್ಟಾರೆ, ಹೇಳ್ರಿ" ಎಂದಳು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕೆವು. ನಗುತ್ತಲೇ ನಮ್ಮರ್ಧ ಹೇಳಿದೆವು.

ಅಂದಿನಿಂದ ಅದೇ ಪದ್ಧತಿಯಾಯಿತು. ಮೌನ, ಎರಡು ಪೆಟ್ಟು, ನಮ್ಮ ದನಿ, ಮತ್ತೆ ಮೌನ. ಆ ಮೌನದಲ್ಲಿ ಅಪ್ಪನ ಕೊರಳಿನ ಉಸಿರು ಸುಯ್ ಎಂದು ಕೇಳಿಸುತ್ತಿತ್ತು. ಅಪ್ಪ ನಿಜವಾಗಿ ಹೇಳುತ್ತಾನೋ, ಸುಮ್ಮನೆ ಹೊತ್ತು ಎಣಿಸುತ್ತಾನೋ ಎಂದು ಸೆಲಿನಳಿಗೆ ಅನುಮಾನ. ಒಂದು ದಿನ ಕೇಳಿಯೇಬಿಟ್ಟಳು. ಅಪ್ಪ ಅವಳ ಪುಟ್ಟ ಕೈಯನ್ನು ಎಳೆದು ತನ್ನ ದವಡೆಯ ಮೇಲಿಟ್ಟುಕೊಂಡ. ಆಮೇಲೆ ನನ್ನ ಕೈಯನ್ನೂ. ಒಳಗೆ ನಾಲಿಗೆ ಒಂದು ಅಕ್ಷರವನ್ನೂ ಬಿಡದೆ ಓಡಾಡುತ್ತಿತ್ತು. ಅವ್ವ ಅರ್ಧ ಜಪಸರಕ್ಕೆಲ್ಲ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅಪ್ಪ ಅವಳನ್ನು ಎಬ್ಬಿಸಬೇಡಿರೆಂದು ಕಣ್ಣಲ್ಲೇ ಹೇಳಿ, ಪೆಟ್ಟನ್ನು ಮೆಲ್ಲಗೆ ಹಾಕುತ್ತಿದ್ದ. ಅವ್ವ ಮಾತ್ರ ನಿದ್ದೆಯಲ್ಲೂ ಆ ಸದ್ದಿಗೆ ತುಟಿ ಆಡಿಸುತ್ತಿದ್ದಳು. ದೊಡ್ಡ ಭಕ್ತಿಯ ಮಾತುಗಳನ್ನು ನಾನು ಆಮೇಲೆ ಬಹಳ ಕೇಳಿದ್ದೇನೆ, ಆದರೆ ನಾನು ಕಂಡ ಭಕ್ತಿ ಹೀಗೆ ತೂಕಡಿಸುವಂಥದ್ದು.

ವರ್ಷ ತುಂಬುವುದರೊಳಗೆ ರೋಗ ಮತ್ತೆ ಬಂತು. ಈ ಸಲ ವೈದ್ಯರು ಕತ್ತರಿ ಹಿಡಿಯಲಿಲ್ಲ, ಮನೆಯಲ್ಲೇ ಇರಲಿ ಎಂದರು. ಅಪ್ಪನ ಮಂಚವನ್ನು ಟ್ರಂಕಿನ ಪಕ್ಕಕ್ಕೆ ಎಳೆದೆವು. ಕೈಯಲ್ಲಿ ಶಕ್ತಿ ಇಳಿಯುತ್ತ ಅಂಗೈಯ ಪೆಟ್ಟು ಬೆರಳಿನ ಪೆಟ್ಟಾಯಿತು. ಅದನ್ನು ಕೇಳಿಸಿಕೊಳ್ಳಲು ನಾವು ಉಸಿರು ಬಿಗಿಹಿಡಿಯಬೇಕಾಗುತ್ತಿತ್ತು. ಒಂದು ಸಂಜೆ ಜಪಸರ ನಡುವನ್ನು ದಾಟಿತ್ತು. ಮೌನವಾಯಿತು, ಒಂದು ಪೆಟ್ಟು ಬಿತ್ತು. ಎರಡನೆಯದಕ್ಕೆ ಕಾದೆವು. ಬರಲಿಲ್ಲ. ತೂಕಡಿಸುತ್ತಿದ್ದ ಅವ್ವ ಥಟ್ಟನೆ ಎದ್ದು ಕುಳಿತಳು. ಬಸ್ಸಿನಲ್ಲಿ ಒಂದೇ ಪೆಟ್ಟು ಬಿದ್ದರೆ ನಿಲ್ಲಿಸು, ಇಳಿಯುವವರಿದ್ದಾರೆ ಎಂದರ್ಥ. ಕಂಡಕ್ಟರನ ಮನೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. "ಸ್ಟಾಪ್ ಕೊಟ್ಟಾರೆ" ಎಂದಳು ಅವ್ವ. ಎರಡನೆಯ ಪೆಟ್ಟಿಗೆ ಬೆರಳು ಏಳಲಿಲ್ಲವೋ, ಅಪ್ಪ ಬೇಕೆಂದೇ ಹಾಗೆ ಮಾಡಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವ ಅವನ ತುಟಿಗೆ ನೀರು ಮುಟ್ಟಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದ ಮಣಿಗಳ ಎರಡೂ ಪಾಲನ್ನು ಅವನ ಕಿವಿಯಲ್ಲಿ ತಾನೇ ಹೇಳಿದಳು. ಬೆಳಗಿನ ಹೊತ್ತಿಗೆ ಅಪ್ಪ ಹೋದ.

ಅಪ್ಪನ ಹುಟ್ಟೂರು ಹರಿಹರ, ಮಣ್ಣೂ ಅಲ್ಲಿಯೇ. ಅವನ ಜೊತೆ ದುಡಿದ ಡ್ರೈವರ್ ಖಾದರ್ ಮಾಮ ಮಾಲೀಕರನ್ನು ಕೇಳಿ ಅದೇ ಬಸ್ಸನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಸೀಟುಗಳ ನಡುವೆ ಪೆಟ್ಟಿಗೆ ಇಟ್ಟರು, ಜನ ಹತ್ತಿದರು. ಎಂಜಿನ್ ಗುರುಗುಟ್ಟುತ್ತಲೇ ಇತ್ತು, ಬಸ್ಸು ಮಾತ್ರ ಕದಲಲಿಲ್ಲ. ಖಾದರ್ ಮಾಮ ಅಭ್ಯಾಸಬಲದಿಂದ ರೈಟ್‌ಗಾಗಿ ಕಾಯುತ್ತಿದ್ದ. ಯಾರೂ ಬಡಿಯಲಿಲ್ಲ, ಬಡಿಯುವವನು ಮಲಗಿದ್ದ. ಕೊನೆಗೆ ಮಾಮ ಹಿಂದಕ್ಕೆ ತಿರುಗಿ, "ಚೌರಪ್ಪಣ್ಣ, ಇವತ್ತು ನಿನ್ನ ಕೇಳ್ದೇನೇ ಬಿಡ್ತೀನಿ, ಮಾಫ್ ಮಾಡು" ಎಂದು ಗೇರು ಹಾಕಿದ. ತುಂಗಭದ್ರೆಯ ಗಾಳಿ ಮುಖಕ್ಕೆ ಬಡಿದಾಗ ಹರಿಹರ ಬಂದಿತ್ತು.

ಸಂಜೆ ಮನೆಗೆ ಬಂದಾಗ ನೀಲಮ್ಮಜ್ಜಿ ರೊಟ್ಟಿ, ಪಲ್ಯ ತಂದಿಟ್ಟು ಹೋಗಿದ್ದರು. ಹಸಿವಿದ್ದರೂ ಯಾರೂ ಮುಟ್ಟಲಿಲ್ಲ. ಜಪಸರದ ಹೊತ್ತಾಯಿತು. ಸೆಲಿನ ಮೇಣದಬತ್ತಿಗೆ ಕೈಹಾಕಿದಳು. "ಬ್ಯಾಡ ಬಿಡು" ಎಂದಳು ಅವ್ವ. "ನಂಗೆ ಸಾಕಾಗೈತೆ. ಎಷ್ಟು ಬೇಡಿದ್ರೂ ಇಷ್ಟೇ. ಇನ್ನ ಮ್ಯಾಲೆ ನಂ ಮನ್ಯಾಗೆ ಇದು ಬ್ಯಾಡ." ಅವಳು ಸಿಟ್ಟಿನಲ್ಲಿ ಹೇಳಿದ್ದರೆ ನಾವು ಅಷ್ಟು ಹೆದರುತ್ತಿರಲಿಲ್ಲ. ಹೊಲಿದ ಸೀರೆ ಮಡಿಸಿಡುವಾಗಿನಂತೆ, ಒಂದು ಕೆಲಸ ಮುಗಿಯಿತು ಎಂಬ ದನಿಯಲ್ಲಿ ಹೇಳಿದಳು. ಅಪ್ಪ ಹೋದದ್ದು ನನಗೆ ಪೂರ್ತಿ ತಿಳಿದದ್ದು ಆಗಲೇ. ಕತ್ತಲಾಗುತ್ತಿದ್ದ ಕೋಣೆಯಲ್ಲಿ ಮೂವರೂ ಪಟದ ಮುಂದೆ, ಬೇರೆಲ್ಲಿ ಕೂರುವುದೆಂದು ತಿಳಿಯದೆ, ಸುಮ್ಮನೆ ಕೂತಿದ್ದೆವು.

ಆಗ ಗೋಡೆಯಾಚೆಯಿಂದ ಎರಡು ಪೆಟ್ಟು ಕೇಳಿಸಿತು. ಟ್ರಂಕಿನ ಸದ್ದಲ್ಲ, ಮಣ್ಣುಗೋಡೆಗೆ ಮುದಿ ಕೈ ಬಡಿದ ಮೆತ್ತನೆಯ ಸದ್ದು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಸ್ವಲ್ಪ ತಡೆದು ಮತ್ತೆ ಎರಡು ಪೆಟ್ಟು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಮೂರನೆಯ ಸಲ ಬಡಿದಾಗ ಸೆರಗು ತೆಗೆದು, "ಸಂತ ಮರಿಯೆ" ಎಂದಳು. ಮುಂದಿನ ಮಾತು ಅಳುವಿನಲ್ಲಿ ಕಲಸಿಹೋಯಿತು, ನಾವಿಬ್ಬರೂ ಸೇರಿ ಹೇಳಿ ಮುಗಿಸಿದೆವು. ಆಮೇಲೆ ಮೌನ. ಅಪ್ಪ ತೆಗೆದುಕೊಳ್ಳುತ್ತಿದ್ದಷ್ಟೇ ಹೊತ್ತು. ಮತ್ತೆ ಗೋಡೆ ಸದ್ದು ಮಾಡಿತು. ಕೊನೆಯ ಮಣಿಯವರೆಗೂ ಮಾಡಿತು.

ಮರುದಿನ ಪಾತ್ರೆ ತಿರುಗಿ ಕೊಡಲು ಹೋದ ಅವ್ವ ಬಾಗಿಲಲ್ಲೇ ಅಳತೊಡಗಿದಳು. ಅಜ್ಜಿ ಹೇಳಿದರು. "ಅಳಬ್ಯಾಡ. ಚೌರಪ್ಪ ತನ್ನ ಪಾಲಿಂದು ಹೇಳ್ಯಾನೆ. ನಾನು ರೈಟ್ ಕೊಟ್ಟೆ, ಅಷ್ಟೇ."

ನಾವು ಆ ಮನೆ ಬಿಡುವವರೆಗೂ ಅಜ್ಜಿ ಬಡಿದರು. ಒಲೆಯ ಮೇಲೆ ರೊಟ್ಟಿ ಇದ್ದರೆ ಬೇಗ ಬೇಗ, ಮಂಡಿ ನೋವಿದ್ದರೆ ನಿಧಾನ. ಈಗ ಅಜ್ಜಿ ಇಲ್ಲ, ಅವ್ವನೂ ಇಲ್ಲ. ಗೋಡೆ ಕೆಡವಿ ಅಲ್ಲಿ ಅಂಗಡಿ ಸಾಲು ಕಟ್ಟಿದ್ದಾರೆ.

ಹೋದ ವಾರ ಕಂಡಕ್ಟರ್ ಬಡಿದದ್ದು ನಾನು ಹತ್ತಬೇಕಿದ್ದ ಬಸ್ಸನ್ನೇ. ಹತ್ತಲು ಮರೆತು ನಿಂತುಬಿಟ್ಟೆ, ಅದು ಹೊರಟುಹೋಯಿತು. ಪಕ್ಕದ ಹೆಂಗಸು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಅಪ್ಪ ತನ್ನ ಪಾಲು ಹೇಳಿಯಾಗಿತ್ತು. ನಾನು ನನ್ನದನ್ನು ಹೇಳಿ ಮುಗಿಸಿದೆ.