ಗಿರಿಜವ್ವ ಕುಡಿದ ನೀರು

ಕಳೆದ ವಾರ ನಮ್ಮ ಮನೆಯಲ್ಲಿ ಒಬ್ಬಾಕೆ ಒಂದು ತಂಬಿಗೆ ನೀರು ಕುಡಿದಳು.

ಇದೂ ಒಂದು ಸುದ್ದಿಯೇ, ಇದಕ್ಕೂ ಒಂದು ಅಂಕಣವೇ ಎಂದು ನೀವು ಕೇಳಬಹುದು. ಕೇಳಿ. ಪ್ರಶ್ನೆ ಕೇಳಿಸಿಕೊಂಡು ನನಗೆ ರೂಢಿಯಿದೆ. ಮದುವೆಯಾಗಿದ್ದು ವಕೀಲರನ್ನು.

ಓದುಗರಿಗೆ ನಮ್ಮ ಮನೆಯವರು ಹೊಸಬರೇನಲ್ಲ. ಹಾನಗಲ್ಲಿನಲ್ಲಿ ಮನೆ, ಹಾವೇರಿಯ ಜಿಲ್ಲಾ ಕೋರ್ಟಿನಲ್ಲಿ ಕೆಲಸ. ಸೀನಿಯರ್ ಕ್ರಿಮಿನಲ್ ಲಾಯರ್. ಚೆಕ್ ಬೌನ್ಸು, ಆಸ್ತಿ ಪಾಲು ಎಂದು ಯಾರಾದರೂ ಬಂದರೆ ಪಕ್ಕದ ಓಣಿಯ ವಕೀಲರ ಮನೆ ತೋರಿಸುತ್ತಾರೆ. ಇವರದೇನಿದ್ದರೂ ಖೂನಿ, ಖೂನಿಯತ್ನ, ದರೋಡೆ. ತ್ರೀ ನಾಟ್ ಟು. (ಕಾನೂನಿನಲ್ಲಿ ಈಗ ಆ ನಂಬರು ಬದಲಾಗಿದೆ. ನಮ್ಮ ಕಟ್ಟೆಗೆ ಬಂದು ಕೂರುವವರ ಬಾಯಲ್ಲಿ ಬದಲಾಗಿಲ್ಲ.) ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಆದರೇನು? ಸಂತೆಯಲ್ಲಿ ಇವತ್ತಿಗೂ ‘ಖೂನಿ ವಕೀಲರ ಹೇಣ್ತಿ’. ಬದನೆಕಾಯಿಗೆ ಚೌಕಾಸಿ ಮಾಡಿದರೆ ಮರುಮಾತಿಲ್ಲದೆ ಕೊಡುತ್ತಾರೆ. ಗೌರವವೋ ಹೆದರಿಕೆಯೋ, ನಾನು ವಿಚಾರಿಸಲು ಹೋಗಿಲ್ಲ.

ಶಿಗ್ಗಾಂವಿ, ಸವಣೂರು, ಹಿರೇಕೆರೂರು, ರಟ್ಟೀಹಳ್ಳಿ, ಎಲ್ಲ ಕಡೆಯಿಂದ ಮಂದಿ ಮೊದಲ ಬಸ್ಸಿಗೇ ಬರುತ್ತಾರೆ. ಬರುವವರು ಆರೋಪಿಗಳಲ್ಲ, ಅವರು ಒಳಗಿರುತ್ತಾರೆ. ಬರುವವರು ಅವರ ಅವ್ವಂದಿರು, ಹೆಂಡಂದಿರು, ಅಕ್ಕಂದಿರು. ಅವರಲ್ಲಿ ಏನೂ ಮಾಡದವನ ಅವ್ವ ಯಾರು, ಮಾಡಿದವನ ಅವ್ವ ಯಾರು? ನನಗೆ ತಿಳಿಯುವುದಿಲ್ಲ. ಎಲ್ಲರೂ ಒಂದೇ ಥರ ಅಳುತ್ತಾರೆ. ಹಾಗಾಗಿ ನಾನು ಎಲ್ಲರಿಗೂ ನೀರು ಕೊಡುತ್ತೇನೆ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಆಮೇಲೆ ಮಾತು. ಹಗೆತನ ಇದ್ದವರು ಮಾತ್ರ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. (ಇದು ಜಾತಿಯ ಮಾತಲ್ಲ, ಜಗಳದ ಮಾತು.) ‘ಅವರ ಮನಿ ನೀರು ಬಿಟ್ಟೇವ್ರಿ’ ಎಂದರೆ ಮುಗಿಯಿತು. ಕೋರ್ಟಿನ ಆರ್ಡರಿಗೆ ಸ್ಟೇ ಸಿಗಬಹುದು, ಇದಕ್ಕೆ ಸಿಗುವುದಿಲ್ಲ.

ನೀರು ಕುಡಿದಾಕೆಯನ್ನು ಗಿರಿಜವ್ವ ಎನ್ನೋಣ. (ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ. ವಕೀಲರ ಹೆಂಡತಿಗೆ ಅಷ್ಟಾದರೂ ಕಾನೂನು ಗೊತ್ತಿರುತ್ತದೆ.) ಹಿರೇಕೆರೂರು ಕಡೆಯ ಹಳ್ಳಿಯವಳು. ಬಹಳ ವರ್ಷಗಳ ಹಿಂದೆ ಆಕೆಯ ಗಂಡನನ್ನು ಹೊಲದಲ್ಲೇ ಕೊಡಲಿಯಿಂದ ಕಡಿದಿದ್ದರು. ಕಣ್ಣಾರೆ ಕಂಡ ಸಾಕ್ಷಿ ಆಕೆಯೊಬ್ಬಳೇ. ಆರೋಪಿಯ ಪರ ವಕೀಲರು ನಮ್ಮವರು.

ಪಾಟೀಸವಾಲಿನಲ್ಲಿ ಇವರು ಹೆಚ್ಚೇನೂ ಕೇಳಲಿಲ್ಲವಂತೆ. ಗೋವಿನಜೋಳ ಎಷ್ಟು ಎತ್ತರ ಬೆಳೆದಿತ್ತು? ಆಳೆತ್ತರ. ನಿನಗಿಂತ ಎತ್ತರವೇ? ಹೌದು. ನಿನ್ನ ಗಂಡ ಬಿದ್ದದ್ದು ಬೆಳೆಯ ಆಚೆಗೆ? ಹೌದು. ಅಷ್ಟು ಕೇಳಿ ಕೂತುಬಿಟ್ಟರು. ಆಳೆತ್ತರದ ಬೆಳೆಯ ಆಚೆ ಯಾರಿಗೆ ತಾನೇ ಏನು ಕಾಣುತ್ತದೆ? ಸಂಶಯದ ಲಾಭ ಸಿಕ್ಕಿತು, ಆರೋಪಿ ಖುಲಾಸೆಯಾದ.

ಆವತ್ತು ಸಂಜೆ ಗಿರಿಜವ್ವ ಬಸ್ಸು ಹಿಡಿದು ಹಾನಗಲ್ಲಿಗೆ ಬಂದಳು. ನಮ್ಮ ಗೇಟಿನ ಮುಂದೆ ನಿಂತು ಒಂದು ಹಿಡಿ ಮಣ್ಣು ತೂರಿದಳು. ಒಂದು ಮಾತೂ ಆಡದೆ ಹೋದಳು. ನಾನು ಬಾಗಿಲಲ್ಲೇ ಇದ್ದೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಅದೇ ಗಿರಿಜವ್ವ ಕೆಲವು ವರ್ಷಗಳ ಹಿಂದೆ, ಒಂದು ಬೆಳಗ್ಗೆ, ನಮ್ಮ ಕಟ್ಟೆಯ ತುದಿಯಲ್ಲಿ ಕುಳಿತಿದ್ದಳು. ಕೂದಲು ನೆರೆತಿತ್ತು. ಈ ಸಲ ಜೈಲಿನಲ್ಲಿದ್ದವನು ಆಕೆಯ ತಮ್ಮ. ಬದುವಿನ ಜಗಳದಲ್ಲಿ ಪಕ್ಕದ ಹೊಲದವನು ಸತ್ತಿದ್ದ. ಹೊಡೆದವನು ಇವನೇ, ಕಣ್ಣಾರೆ ಕಂಡೆ ಎಂದು ಸತ್ತವನ ಹೆಂಡತಿ ಹೇಳಿದ್ದಳು. ಗಂಡ ಹೋದ ಮೇಲೆ ಗಿರಿಜವ್ವನ ಹೊಲ ಉತ್ತು, ಮಕ್ಕಳನ್ನು ದಡ ಮುಟ್ಟಿಸಿದವನು ಆ ತಮ್ಮ. ಅವನಿಗೆ ಶಿಕ್ಷೆಯಾದರೆ ಆ ಮನೆಗೆ ಯಾರು ದಿಕ್ಕು?

ನಾನು ತಂಬಿಗೆ ಒಯ್ದೆ.

“ಒಲ್ಲೇರಿ ಅಕ್ಕಾರ. ನಿಮ್ಮ ಮನಿ ನೀರು ನಾ ಮುಟ್ಟೂದಿಲ್ಲ. ವಕೀಲರ ಕೂಡ ಮಾತಾಡೂದೈತಿ” ಎಂದಳು.

ನೋಡಿದಿರಾ? ನೀರು ಬೇಡ, ವಕೀಲರು ಬೇಕು!

ಇವರು ಹೊರಗೆ ಬಂದರು. ಗುರುತು ಹಿಡಿದರು. “ಯಾಕವಾ, ಹಾವೇರಿ ತುಂಬ ವಕೀಲರದಾರ. ನನ್ನ ಹಂತ್ಯಾಕ ಯಾಕ ಬಂದಿ?”

“ಅವರು ಯಾರೂ ನನ್ನ ಬಾಯಿ ಕಟ್ಟಿಲ್ರಿ. ನೀವು ಕಟ್ಟೀರಿ. ಆವತ್ತ ನನಗ ಏನೇನ್ ಕೇಳಿದ್ರಿ, ಅದನ್ನ ಆಕಿಗೂ ಕೇಳ್ರಿ. ನನಗ ಕೇಳದ ಬಿಟ್ಟದ್ದನ್ನ ಆಕಿಗೂ ಬಿಡ್ರಿ.”

ಇವರು ಕನ್ನಡಕ ಹಾಕಿಕೊಂಡರು. ಆಮೇಲೆ, “ಕಾಗದಪತ್ರ ತಂದೀ ಏನು?” ಎಂದರು. ಅಷ್ಟೇ. ಕೇಸು ತಗೊಂಡಾಯಿತು.

ನನ್ನ ಕಿವಿಯಲ್ಲಿ ಆ ಕೊನೆಯ ಮಾತು ಉಳಿದುಬಿಟ್ಟಿತು. ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. “ಆಕಿಗೆ ಏನ್ ಕೇಳದ ಬಿಟ್ಟಿದ್ರಿ?”

“ಹೆಂಗ ಕಾಣಸ್ತು ಅಂತ ಕೇಳ್ಲಿಲ್ಲ.”

“ಯಾಕ?”

“ಕೇಳಿದ್ರ, ಅಟ್ಟದ ಮ್ಯಾಲ ಕುಂತಿದ್ದೆ ಅಂತಿದ್ಲು” ಎಂದು ರೊಟ್ಟಿ ಮುರಿದರು.

ಹಂದಿ, ಹಕ್ಕಿ ಕಾಯಲು ಹೊಲದ ನಡುವೆ ಕಂಬ ನೆಟ್ಟು ಕಟ್ಟುತ್ತಾರಲ್ಲ, ಆ ಅಟ್ಟ. ಅದರ ಮೇಲೆ ಕುಳಿತರೆ ನಾಲ್ಕೂ ಬದು ಕಾಣುತ್ತವೆ. ಯಾವ ಕೇಸೇ ಇರಲಿ, ಚಾರ್ಜ್‌ಶೀಟ್ ಓದುವ ಮೊದಲು ಹೋಗಿ ಜಾಗ ನೋಡಿ ಬರುವುದು ಇವರ ಪದ್ಧತಿ. ಅಟ್ಟ ಕಂಡಿತ್ತು. ಪಂಚನಾಮೆಗೆ ಹೋದ ಪೊಲೀಸರು ನೆಲ ನೋಡಿದ್ದರು, ರಕ್ತ ನೋಡಿದ್ದರು, ತಲೆಯೆತ್ತಿ ನೋಡಿರಲಿಲ್ಲ. ಸರ್ಕಾರಿ ವಕೀಲರು ಹೊಲಕ್ಕೇ ಹೋಗಿರಲಿಲ್ಲ.

“ಮತ್ತ ಆಕಿನ ಯಾಕ ಹೇಳ್ಲಿಲ್ಲ?”

“ಕೇಳಿದ್ದಕ್ಕಷ್ಟ ಉತ್ತರ ಕೊಡು, ಹೆಚ್ಚಿಗಿ ಮಾತಾಡಬ್ಯಾಡ ಅಂತ ಆಕಿ ಕಡೆಯವರ ಹೇಳಿ ಕಳಿಸಿದ್ರು. ಎಲ್ಲಾ ಸಾಕ್ಷಿಗೂ ಹಂಗ ಹೇಳ್ತಾರ. ಪಾಪ, ಹೇಳಿದಂಗ ಮಾಡಿದ್ಲು.”

ನನಗೆ ಸಿಟ್ಟು ಬಂತು. “ಅಂದ್ರ ಆಕಿ ನೋಡಿದ್ದು ಖರೇ ಅಂತ ನಿಮಗ ಗೊತ್ತಿತ್ತು!”

“ಅಟ್ಟ ಐತಿ ಅನ್ನೂದಷ್ಟ ಗೊತ್ತಿತ್ತು. ಖರೇನೋ ಸುಳ್ಳೋ ಸಾಬೀತು ಮಾಡೂದು ಸರ್ಕಾರದವರ ಕೆಲಸ. ಅವರ ಕೆಲಸಾನೂ ನಾನ ಮಾಡ್ಲೇನು?”

ಏನೂ ಮಾಡದೆ ಒಳಗೆ ಬಿದ್ದವರನ್ನು ಇದೇ ಹಟದಿಂದ ಇವರು ಹೊರಗೆ ತಂದಿದ್ದಾರೆ. ಪೊಲೀಸರು ಕೈಗೆ ಸಿಕ್ಕವನನ್ನು ಹಿಡಿದು ತಂದಾಗ, ಜಾಗ ನೋಡಿ ಬಂದವರು ಇವರೊಬ್ಬರೇ. ಅಂಥವರ ಅವ್ವಂದಿರು ಸವಣೂರಿನಿಂದ ಇವತ್ತಿಗೂ ಅಲ್ಲಿಯ ತಿಂಡಿ ಖಾರಾ ಕಟ್ಟಿಸಿ ಕಳಿಸುತ್ತಾರೆ. ನಾನೂ ತಿಂದಿದ್ದೇನೆ. ಆದರೂ ಆವತ್ತಿನ ರೊಟ್ಟಿ ನನಗೆ ಸೇರಲಿಲ್ಲ.

ಕೇಸು ಕೋರ್ಟಿನ ವೇಗದಲ್ಲಿ ನಡೆಯಿತು. (ಅಂದರೆ ನಡೆಯಲಿಲ್ಲ.) ಗಿರಿಜವ್ವ ಬರುತ್ತಿದ್ದಳು, ಹೋಗುತ್ತಿದ್ದಳು. ಬರುವಾಗ ಊರಿನಿಂದಲೇ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತರುತ್ತಿದ್ದಳು. ನಾನೂ ಬಿಡಲಿಲ್ಲ, ಬಂದಾಗಲೆಲ್ಲ ತಂಬಿಗೆ ಒಯ್ದು ಇಡುತ್ತಿದ್ದೆ. ಆಕೆ ತನ್ನ ಬಾಟಲಿಯ ಬಿರಡೆ ತಿರುವುತ್ತಿದ್ದಳು.

ಕೊನೆಗೂ ಆ ಇನ್ನೊಬ್ಬಾಕೆ, ಸತ್ತವನ ಹೆಂಡತಿ, ಕಟಕಟೆ ಹತ್ತಿದಳು. ಬೆಳೆ ಎಷ್ಟು ಎತ್ತರ? ಆಳೆತ್ತರ. ಗಂಡ ಬಿದ್ದದ್ದು ಆಚೆಗೆ? ಹೌದು. ಇವರು ಕೂತರು.

ಮನೆಗೆ ಬಂದಾಗ ಕೇಳಿದೆ. “ಈ ಸಲ ಹೊಲಕ್ಕ ಹೋಗಿದ್ರೇನು?”

“ಹೋಗಿದ್ದೆ.”

“ಅಲ್ಲೂ ಅಟ್ಟ ಇತ್ತೇನ್ರಿ?”

“ಮಜ್ಜಿಗಿ ಹಾಕು” ಎಂದರು.

ಕಳೆದ ವಾರ ತೀರ್ಪು ಬಂತು. ತಮ್ಮ ಖುಲಾಸೆ. ಮರುದಿನ ಬೆಳಗ್ಗೆ ಗಿರಿಜವ್ವ ಬಂದಳು. ಜೊತೆಗೆ ಬಂದ ತಮ್ಮ, ಗೇಟಿನ ಹೊರಗೇ ನಿಂತಿದ್ದ, ಒಳಗೆ ಬರಲಿಲ್ಲ. ಇವರು ಸ್ನಾನಕ್ಕೆ ಹೋಗಿದ್ದರು. ನಾನು ರೂಢಿಯಂತೆ ತಂಬಿಗೆ, ಬೆಲ್ಲ ಒಯ್ದು ಇಟ್ಟೆ. ಸಂತೋಷದ ಮುಖವಿರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ.

“ಆಕಿ ಹೊಲದಾಗೂ ಅಟ್ಟ ಐತ್ರಿ ಅಕ್ಕಾರ” ಎಂದಳು. “ಊರಿಗೆಲ್ಲ ಗೊತ್ತು. ನನ್ನಂಗ ಆಕಿನೂ ಕೇಳಿದ್ದಕ್ಕಷ್ಟ ಹೇಳಿ ಇಳದು ಹ್ವಾದ್ಲು. ನಾ ಹಿಂದ ಬೆಂಚಿನ ಮ್ಯಾಲ ಕುಂತಿದ್ದೆ. ಅಟ್ಟ ಐತಿ ಅಂತ ನನ್ನ ಬಾಯಿಗೆ ಬಂತು. ನುಂಗಿದೆ.”

“ನಿನ್ನ ತಮ್ಮ ಏನಂತಾನವಾ?”

“ನಾ ಕೇಳಿಲ್ರಿ. ವಕೀಲರೂ ಕೇಳಿಲ್ಲಂತ.”

ಆಮೇಲೆ ತಂಬಿಗೆಯ ಕಡೆ ನೋಡಿದಳು. “ಇಷ್ಟ ವರ್ಷ ನಿಮ್ಮ ನೀರು ಒಲ್ಲೆ ಅಂದೆ. ಇನ್ನ ಯಾವ ಮಾರಿ ಇಟಗೊಂಡ ಒಲ್ಲೆ ಅನ್ಲಿ?”

ಎತ್ತಿ ಗಟಗಟ ಕುಡಿದಳು. ಬೆಲ್ಲ ಮುಟ್ಟಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ತಮ್ಮನ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಆ ಇನ್ನೊಬ್ಬಾಕೆ ನಮ್ಮ ಗೇಟಿಗೆ ಮಣ್ಣು ತೂರಲು ಇನ್ನೂ ಬಂದಿಲ್ಲ. ಬಂದರೆ, ನೀವೇ ಹೇಳಿ, ತಂಬಿಗೆ ಹಿಡಿದು ನಾನು ಯಾವ ಮುಖದಿಂದ ಎದುರಿಗೆ ಹೋಗಲಿ?