ಬ್ಯಾಟರಿಗೆ ವಿಭೂತಿ ಬಳಿದ ಭಕ್ತ

ಆಯುಧಪೂಜೆಯ ಮಾರನೇ ಬೆಳಗ್ಗೆ ಕಾರಿನ ಕೀ ತಿರುಗಿಸಿದೆ. ‘ಟಕ್’ ಅಂತು. ಅಷ್ಟೇ.

ಲೈಟು ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಇಂಜಿನ್ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಅವತ್ತೇ ನಾಗಮಂಗಲದ ಮಾವನ ಮನೆಯಲ್ಲಿ ನನ್ನ ಬಾಮೈದ ಮಂಜನ ನಿಶ್ಚಿತಾರ್ಥ. ಮುಹೂರ್ತ ಹನ್ನೆರಡೂವರೆಯೊಳಗೆ. ಹುಡುಗಿಗೆ ತೊಡಿಸುವ ಉಂಗುರವೋ, ಇಲ್ಲಿ ಕೆ.ಆರ್. ಪೇಟೆಯಲ್ಲಿ ನನ್ನ ಹೆಂಡತಿಯ ಪರ್ಸಿನಲ್ಲಿ!

“ಆರ್ನ್ ಒಡ್ಕಂಡೇ ನಾಗಮಂಗಲಕ್ಕೆ ಓಗದಾ?” ಎಂದಳು ಸವಿತಾ. (ಹೆಂಡತಿಯ ಜೋಕಿಗೆ ನಗಲೇಬಾರದ ಹೊತ್ತುಗಳಿರುತ್ತವೆ.)

ಬ್ಯಾಟರಿ ಹೊಸದು. ಅಂಗಡಿಯವನು ಟೋಪಿ ಹಾಕಿದ ಎಂದು ಬೈಯುತ್ತಲೇ ಮೆಕ್ಯಾನಿಕ್ ಶಿವಣ್ಣನನ್ನು ಕರೆಸಿದೆ. ಅವನು ನನಗೆ ನಾಲ್ಕೈದು ಸಲ ಕೀ ತಿರುಗಿಸಲು ಹೇಳಿದ. ಆಮೇಲೆ ಬ್ಯಾಟರಿಯ ಟರ್ಮಿನಲ್‌ಗೆ ವೈರು ಹಿಡಿಸುವ ಕ್ಲಾಂಪ್ ತೋರಿಸಿ, “ಮುಟ್ನೋಡಿ ಸಾ” ಎಂದ.

ಮುಟ್ಟಿದೆ. ಚುರ್ ಅಂತು!

ಕ್ಲಾಂಪ್ ಬಿಚ್ಚಿದ. “ಇದ್ಯಾರು ಸಾ, ಇದರೊಳೀಕೆ ಇಬೂತಿ ಬಳ್ದೋರು?”

ನಾನೇ! ಊರಿನವರೆಲ್ಲ ಬಾನೆಟ್ ಮೇಲೆ ಮೂರು ಪಟ್ಟೆ ಎಳೆದು ಸುಮ್ಮನಾಗುತ್ತಾರೆ. ನನ್ನ ಭಕ್ತಿಗೆ ಅದು ಸಾಲುತ್ತದೆಯೇ? ಕ್ಲಾಂಪ್ ಕಳಚಿ, ಟರ್ಮಿನಲ್‌ಗಳಿಗೆ ವಿಭೂತಿ ಗಟ್ಟಿಯಾಗಿ ಕಲಸಿ ಬಳಿದು, ಕುಂಕುಮವಿಟ್ಟು, ಅದರ ಮೇಲೇ ಕ್ಲಾಂಪ್ ಕೂರಿಸಿದ್ದೆ.

“ಲೋಹಕ್ಕೆ ಲೋಹ ತಾಗ್ಬೇಕು ಸಾ. ಮಧ್ಯದಲ್ಲಿ ಇಬೂತಿ ಕುಂತ್ರೆ ಕರೆಂಟಿಗೆ ದಾರಿ ಇಕ್ಕಟ್ಟಾಯ್ತದೆ. ಆರ್ನಿಗೆ ಚೂರು ಸಾಕು, ಎಂಗೋ ನುಸುಳ್ತದೆ. ಇಂಜಿನ್ ತಿರುಗ್ಸೋ ಸ್ಟಾರ್ಟರ್‌ಗೆ ರಾಶಿ ಬೇಕು. ಅದು ಇಲ್ಲೇ ತಿಣುಕಾಡಿ ಬಿಸಿಯಾಯ್ತದೆ.” (ಇದಕ್ಕೆ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಎನ್ನುತ್ತಾರಂತೆ. ಮುಟ್ಟಿದಾಗ ನಾನು ‘ಅಯ್ಯಯ್ಯೋ’ ಅಂದಿದ್ದೆ.)

ಸ್ಯಾಂಡ್ ಪೇಪರಲ್ಲಿ ಉಜ್ಜಿ, ಕ್ಲಾಂಪ್ ಬಿಗಿದ. ಒಂದೇ ಕೀಗೆ ಸ್ಟಾರ್ಟ್!

ಹನ್ನೊಂದೂಕಾಲಿಗೆ ನಾಗಮಂಗಲ. ಉಂಗುರ ಹಿಡಿದು, ಯುದ್ಧ ಗೆದ್ದವನ ಹಾಗೆ ಮಾವನ ಮನೆಗೆ ನುಗ್ಗಿದೆ. ನೋಡಿದರೆ ಹುಡುಗಿಯೇ ಬಂದಿಲ್ಲ!

“ಪಾಂಡವಪುರದಲ್ಲೇ ಅವ್ರೆ ಬಾವ. ವ್ಯಾನು ಟಕ್ ಅಂತದಂತೆ, ಸ್ಟಾರ್ಟೇ ಆಗ್ತಿಲ್ವಂತೆ.” ಮಂಜ ಅಳುವುದೊಂದು ಬಾಕಿ.

ನಾನು ಮಂಜನನ್ನು ಪಕ್ಕಕ್ಕೆಳೆದೆ. “ಅವ್ರು ಪೂಜೆ ಎಂಗ್ ಮಾಡಿದ್ರೋ?”

“ನಿಮ್ಮಂಗೇ ಬಾವ. ನೀವು ನೆನ್ನೆ ನಮ್ಮನೆ ವಾಟ್ಸಾಪ್ ಗ್ರೂಪಿಗೆ ಪೂಜೆ ವಿಡಿಯೋ ಆಕಿದ್ರಲ್ಲ, ಅದ್ನ ಅವ್ರಿಗೂ ಕಳಿಸ್ದೆ. ನಮ್ ಬಾವ ಎಷ್ಟ್ ಶಾಸ್ತ್ರವಾಗಿ ಮಾಡ್ತಾರೆ ನೋಡ್ಲಿ ಅಂತ!”

ಸವಿತಾ ನನ್ನನ್ನು ಒಂದು ಸಲ ನೋಡಿ, ನಂಬರ್ ಒತ್ತಿ ಫೋನ್ ಕೈಗಿಟ್ಟಳು. ಆ ಕಡೆ ಹುಡುಗಿಯ ಅಪ್ಪ ಆಗಲೇ ‘ಹಲೋ’ ಎನ್ನುತ್ತಿದ್ದಾರೆ.

ನೀವೇ ಹೇಳಿ, ಬೀಗರಾಗಲಿರುವವರಿಗೆ ಶುಭದಿನದಲ್ಲೇ ‘ಮೊದಲು ವಿಭೂತಿ ಅಳಿಸಿ’ ಎನ್ನುವುದು ಹೇಗೆ ಸ್ವಾಮಿ?